ಸೆಲ್ಲಿನ ಮೇಲಿನ ರೇಟು ಬರೆದವರು ಯಾರು?

ಈ ಸಂಚಿಕೆಯ ವಿಷಯ ಕೊಟ್ಟಿದ್ದು ನೀವೇ. "ಮನೆಗೆ ಯಾವ ಸೆಲ್ ತಗೊಂಡ್ರೆ ಲಾಭ? ಕಡಿಮೆ ರೇಟಿಂದಾ, ಅಲ್ಕಲೈನಾ, ಇಲ್ಲ ಚಾರ್ಜ್ ಮಾಡೋದಾ?" ಅಂತ ತುಂಬಾ ಜನ ಕೇಳಿದ್ರಿ. ಟಿವಿ ರಿಮೋಟು, ಗೋಡೆ ಗಡಿಯಾರ, ಮಕ್ಕಳ ಆಟಿಕೆ ಕಾರು, ಗೇಮ್ ಕಂಟ್ರೋಲರ್... ಫೋನ್ ಕಾಲದಲ್ಲೂ ಮನೆಯಲ್ಲಿ ಎಷ್ಟು ಕಡೆ ಸೆಲ್ ಕೂತಿದೆ ಅಂತ ಒಮ್ಮೆ ಎಣಿಸಿ ನೋಡಿ.

ನಾನು ಓದಿದ್ದು ಬಿಕಾಂ. ನಮಗೆ ಕಾಸ್ಟಿಂಗ್ ಪಾಠದಲ್ಲಿ ಹೇಳಿಕೊಟ್ಟಿದ್ದು ಇಷ್ಟು: ಬೆಲೆ ಬೇರೆ, ಬೆಲೆಗೆ ತಕ್ಕ ಉಪಯೋಗ ಬೇರೆ. ಒಂದು ಸೆಲ್ಲಿನ ರೇಟನ್ನ ಅದು ಎಷ್ಟು ಗಂಟೆ ಕೆಲಸ ಮಾಡುತ್ತೋ ಅಷ್ಟರಿಂದ ಭಾಗಿಸಿ, ಗಂಟೆಗೆ ಎಷ್ಟು ಬಿತ್ತು ನೋಡಿ, ಕಡಿಮೆ ಬಿದ್ದಿದ್ದನ್ನ ತಗೊಳ್ಳಿ. ಇಷ್ಟೇ ಆಗಿದ್ರೆ ಎರಡು ನಿಮಿಷದಲ್ಲಿ ಸಂಚಿಕೆ ಮುಗೀತಿತ್ತು.

ಆದ್ರೆ ಈ ಲೆಕ್ಕದ ಕೆಳಗೆ ಒಂದು ನಂಬಿಕೆ ಇದೆ. ಸೆಲ್ಲಿನ ಮೇಲೆ ಪ್ರಿಂಟ್ ಆಗಿರೋ ರೇಟು ಪೈಪೋಟಿಯಿಂದ ಬಂದಿದ್ದು, ಕಂಪನಿಗಳು ನಮ್ಮನ್ನ ಸೆಳೆಯೋಕೆ ಒಂದರ ಮೇಲೊಂದು ಬಿದ್ದು ಇಳಿಸಿದ ರೇಟು ಅದು ಅನ್ನೋ ನಂಬಿಕೆ. ನಮ್ಮ ದೇಶದಲ್ಲಿ ಎಷ್ಟೋ ವರ್ಷ ಅದು ಹಾಗಿರಲಿಲ್ಲ ಅಂತ ಒಂದು ಸರ್ಕಾರಿ ಆಯೋಗವೇ ಹೇಳಿದೆ. ಆ ಕಥೆಗೆ ಬರೋಕೆ ಸ್ವಲ್ಪ ಹಿಂದಿನಿಂದ ಶುರು ಮಾಡೋಣ.

ಬ್ಯಾಟ್ರಿ, ಸೆಲ್ಲು ಮತ್ತು ಸತುವಿನ ಡಬ್ಬಿ

ನಮ್ಮ ಹಳ್ಳಿಗಳಲ್ಲಿ ಟಾರ್ಚಿಗೇ 'ಬ್ಯಾಟ್ರಿ' ಅಂತಾರೆ. "ಬ್ಯಾಟ್ರಿ ಬಿಡು" ಅಂದ್ರೆ ಟಾರ್ಚ್ ಬೆಳಕು ಹಾಕು ಅಂತ ಅರ್ಥ. ಅದರ ಒಳಗೆ ಹಾಕೋದು 'ಸೆಲ್ಲು'. ಪುಸ್ತಕದ ಪ್ರಕಾರ ಸೆಲ್ ಅಂದ್ರೆ ಒಂದು, ಬ್ಯಾಟರಿ ಅಂದ್ರೆ ಹಲವು ಸೆಲ್ಲುಗಳ ಗುಂಪು. ಈ ಪದವನ್ನ ವಿದ್ಯುತ್ತಿಗೆ ಅಂಟಿಸಿದ್ದು ಬೆಂಜಮಿನ್ ಫ್ರಾಂಕ್ಲಿನ್. ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ಇಂಗ್ಲಿಷಿನಲ್ಲಿ ಬ್ಯಾಟರಿ ಅಂತಿದ್ರು, ಸಾಲಾಗಿ ಜೋಡಿಸಿದ ವಿದ್ಯುತ್ ಜಾಡಿಗಳಿಗೂ ಅದೇ ಹೆಸರು ಬಂತು.

1800ರಲ್ಲಿ ಇಟಲಿಯ ಅಲೆಸಾಂಡ್ರೋ ವೋಲ್ಟಾ ಎರಡು ಬೇರೆ ಬೇರೆ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ರಟ್ಟು ಇಟ್ಟು, ಒಂದರ ಮೇಲೊಂದು ಪೇರಿಸಿ, ನಿರಂತರವಾಗಿ ಕರೆಂಟ್ ಹರಿಯೋ ಹಾಗೆ ಮಾಡಿದರು. ಮನೆಬಳಕೆ ಸೆಲ್ಲಿನ ನಿಜವಾದ ಮೂಲಪುರುಷ ಮಾತ್ರ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ. 1866ರಲ್ಲಿ ಅವರು ಸತು, ಮ್ಯಾಂಗನೀಸ್ ಡೈಆಕ್ಸೈಡ್, ಇಂಗಾಲ ಮತ್ತು ನವಸಾಗರದ ದ್ರಾವಣ ಸೇರಿಸಿ ಒಂದು ಸೆಲ್ ಮಾಡಿದರು. ತಂತಿ ಕಚೇರಿಗಳಲ್ಲಿ ಅದು ಚೆನ್ನಾಗಿ ಓಡಿತು. ತೊಂದರೆ ಏನಂದ್ರೆ ಅದು ಗಾಜಿನ ಜಾಡಿ. ಅಲ್ಲಾಡಿಸಿದ್ರೆ ಚೆಲ್ಲುತ್ತೆ, ಜೇಬಲ್ಲಿ ಇಟ್ಕೊಳ್ಳೋಕಾಗಲ್ಲ.

1886ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಆ ದ್ರಾವಣವನ್ನ ಪ್ಲಾಸ್ಟರ್ ಆಫ್ ಪ್ಯಾರಿಸ್ ಜೊತೆ ಕಲಸಿ ಪೇಸ್ಟ್ ಮಾಡಿ, ಸತುವನ್ನೇ ಡಬ್ಬಿ ಮಾಡಿಬಿಟ್ಟರು. ಅದೇ 'ಡ್ರೈ ಸೆಲ್'. ಇವತ್ತು ಅಂಗಡಿಯಲ್ಲಿ ಸಿಗೋ ಕಡಿಮೆ ರೇಟಿನ ಸೆಲ್ 135 ವರ್ಷಕ್ಕೂ ಹಳೆಯದಾದ ಆ ವಿನ್ಯಾಸದ ಮೊಮ್ಮಗ.

ಇಲ್ಲಿ ಒಂದು ವಿಷಯ ಗಮನಿಸಿ. ಸತುವಿನ ಡಬ್ಬಿ ಬರೀ ಹೊದಿಕೆ ಅಲ್ಲ, ಅದೇ ಇಂಧನ ಕೂಡ. ಕರೆಂಟ್ ಕೊಡ್ತಾ ಕೊಡ್ತಾ ಡಬ್ಬಿಯೇ ಕರಗುತ್ತೆ. ಪೂರ್ತಿ ಖಾಲಿಯಾದ ಸೆಲ್ಲನ್ನ ರಿಮೋಟಲ್ಲೇ ಬಿಟ್ರೆ ಡಬ್ಬಿ ತೂತಾಗಿ ಒಳಗಿನ ರಸ ಸೋರಿ ಸ್ಪ್ರಿಂಗು ತುಕ್ಕು ಹಿಡಿಯೋದು ಇದಕ್ಕೇ.

ಇನ್ನೊಂದು, ಸೆಲ್ ವೀಕ್ ಆದಾಗ ಬಿಸಿಲಿಗೆ ಇಡೋದು. ನಮ್ಮ ಎಷ್ಟೋ ಮನೆಗಳಲ್ಲಿ ಕಿಟಕಿ ಕಟ್ಟೆ ಮೇಲೆ ಹಪ್ಪಳದ ಪಕ್ಕದಲ್ಲೇ ಸೆಲ್ಲುಗಳೂ ಒಣಗುತ್ತಾ ಇರ್ತಿದ್ವು. ಇದು ಪೂರ್ತಿ ಮೂಢನಂಬಿಕೆ ಅಲ್ಲ. ಬಳಸುವಾಗ ಒಳಗೆ ರಾಸಾಯನಿಕ ಕ್ರಿಯೆಯ ಉಳಿಕೆಗಳು ಅಡ್ಡ ಕಟ್ಟಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ರೆ ಅವು ಹರಡಿ ದಾರಿ ಬಿಡುತ್ತವೆ, ಬಿಸಿಗೆ ಕ್ರಿಯೆಯೂ ಚುರುಕಾಗುತ್ತೆ. ಹಾಗಾಗಿ ಇನ್ನೊಂದಿಷ್ಟು ನಿಮಿಷ ಬೆಳಕು ಬರುತ್ತೆ. ಹೊಸ ಶಕ್ತಿ ಏನೂ ತುಂಬಲ್ಲ, ತಳದಲ್ಲಿ ಉಳಿದಿದ್ದನ್ನ ಕೆರೆದು ತೆಗೆದ ಹಾಗೆ. ಆ ಕೊನೆಯ ಹನಿಗೂ ಬಿಸಿಲು ಕಾಯಿಸ್ತಿದ್ರು ಅಂದ್ರೆ ಸೆಲ್ಲಿನ ರೇಟು ಆ ಮನೆಗಳಿಗೆ ಎಷ್ಟು ಭಾರ ಇತ್ತು ಅಂತ ಅಂದಾಜು ಮಾಡಿ.

ಟಾರ್ಚಿನ ಹಿಂದೆ ಬಂದ ಕಂಪನಿ

1899ರಲ್ಲಿ ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಅನ್ನೋರಿಗೆ ಕೈಯಲ್ಲಿ ಹಿಡಿಯೋ ವಿದ್ಯುತ್ ದೀಪಕ್ಕೆ ಪೇಟೆಂಟ್ ಸಿಕ್ತು. ಕಾನ್ರಾಡ್ ಹ್ಯೂಬರ್ಟ್ ಅವರ ಕಂಪನಿ ಅದನ್ನ ಮಾರುಕಟ್ಟೆಗೆ ತಂತು. ಆಗಿನ ಸೆಲ್ಲುಗಳಿಗೆ ಒಂದೇ ಸಮ ಉರಿಸೋ ಶಕ್ತಿ ಇರಲಿಲ್ಲ, ಮಿಣುಕ್ ಅಂತ ಒಮ್ಮೆ ಹಾಕಿ ಆರಿಸಬೇಕಿತ್ತು. 'ಫ್ಲ್ಯಾಶ್ ಲೈಟ್' ಅನ್ನೋ ಹೆಸರು ಹುಟ್ಟಿದ್ದು ಹಾಗೆ. ಆ ಕಂಪನಿಯ ಬ್ರ್ಯಾಂಡು ಎವರೆಡಿ. 1914ರಲ್ಲಿ ಅದನ್ನ ನ್ಯಾಷನಲ್ ಕಾರ್ಬನ್ ಕಂಪನಿ ಕೊಂಡಿತು. 1917ರಲ್ಲಿ ನ್ಯಾಷನಲ್ ಕಾರ್ಬನ್ ಕೂಡ ಇನ್ನೂ ದೊಡ್ಡ ಗುಂಪೊಂದರ ಭಾಗವಾಯ್ತು. ಆ ಗುಂಪಿನ ಹೆಸರು ಯೂನಿಯನ್ ಕಾರ್ಬೈಡ್.

ಹೌದು, ಅದೇ ಯೂನಿಯನ್ ಕಾರ್ಬೈಡ್.

ಭಾರತಕ್ಕೆ ಎವರೆಡಿ ಸೆಲ್ 1905ರಲ್ಲೇ ಅಮೆರಿಕದಿಂದ ಆಮದಾಗಿ ಬಂತು. 1934ರಲ್ಲಿ ಇಲ್ಲೇ ಕಂಪನಿ ನೋಂದಣಿ ಆಯ್ತು, 1939ರಲ್ಲಿ ಕೋಲ್ಕತ್ತದಲ್ಲಿ ಕಾರ್ಖಾನೆ ಬಂತು, 1959ರಲ್ಲಿ ಹೆಸರು ಯೂನಿಯನ್ ಕಾರ್ಬೈಡ್ ಇಂಡಿಯಾ ಲಿಮಿಟೆಡ್ ಆಯ್ತು. ಕರೆಂಟೇ ಇಲ್ಲದ ದೇಶದಲ್ಲಿ ಟಾರ್ಚು, ಆಮೇಲೆ ಟ್ರಾನ್ಸಿಸ್ಟರ್ ರೇಡಿಯೋ. ಇದಕ್ಕಿಂತ ಒಳ್ಳೆ ಮಾರುಕಟ್ಟೆ ಎಲ್ಲಿ ಸಿಗುತ್ತೆ? ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕೋಕೆ ಹೊಲಕ್ಕೆ ಹೋಗೋ ರೈತನಿಗೆ ಟಾರ್ಚು ಶೋಕಿ ಅಲ್ಲ. ಬದುವಿನ ಮೇಲೆ ಹಾವು ಇದೆಯಾ ಅಂತ ನೋಡಿಕೊಂಡು ಕಾಲಿಡೋ ಸಾಧನ ಅದು.

ಅದೇ ಕಂಪನಿ ಭೋಪಾಲದಲ್ಲಿ ಕೀಟನಾಶಕದ ಕಾರ್ಖಾನೆಯನ್ನೂ ನಡೆಸ್ತಿತ್ತು. 1984ರ ಡಿಸೆಂಬರ್ 2ರ ರಾತ್ರಿ, 3ರ ಬೆಳಗಿನ ಜಾವದೊಳಗೆ ಅಲ್ಲಿಂದ ಮೀಥೈಲ್ ಐಸೋಸಯನೇಟ್ ಅನಿಲ ಸೋರಿ ಸಾವಿರಾರು ಜನ ಸತ್ತರು, ಲಕ್ಷಾಂತರ ಜನರ ಆರೋಗ್ಯ ಹಾಳಾಯ್ತು. 1989ರಲ್ಲಿ ಸುಪ್ರೀಂ ಕೋರ್ಟ್ ಮುಂದೆ 47 ಕೋಟಿ ಡಾಲರ್‌ಗೆ ರಾಜಿ ಆಯ್ತು. 1994ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ತನ್ನ ಪಾಲಿನ ಶೇ 50.9ರಷ್ಟು ಷೇರನ್ನ ಕೋಲ್ಕತ್ತದ ವಿಲಿಯಮ್ಸನ್ ಮ್ಯಾಗರ್ ಗುಂಪಿನ ಮೆಕ್ಲಿಯೋಡ್ ರಸೆಲ್ ಕಂಪನಿಗೆ ಮಾರಿತು. ಆ ದುಡ್ಡಿನಿಂದ ಭೋಪಾಲದ ಸಂತ್ರಸ್ತರಿಗೆ ಆಸ್ಪತ್ರೆ ಕಟ್ಟಬೇಕು ಅಂತಾಯ್ತು. ಕಂಪನಿ ಮುಂದೆ ಎವರೆಡಿ ಇಂಡಸ್ಟ್ರೀಸ್ ಆಯ್ತು. 90ರ ದಶಕದ 'ಗಿವ್ ಮಿ ರೆಡ್' ಜಾಹೀರಾತು ನಿಮ್ಮ ಅಪ್ಪ ಅಮ್ಮನಿಗೆ ನೆನಪಿರುತ್ತೆ. ಕೆಂಪು ಸೆಲ್ಲಿನ ಮಾಲೀಕರು ಬದಲಾದದ್ದು ಎಷ್ಟು ಜನಕ್ಕೆ ಗೊತ್ತಾಯ್ತೋ.

ಕ್ಯಾಂಟೀನಲ್ಲಿ ಓಡಿದ ಎರಡು ಆಟಿಕೆ ಕಾರು

ಈಗ ದುಬಾರಿ ಸೆಲ್ ಕಡೆ ಬರೋಣ. ಅದೂ ಇದೇ ಮನೆತನದ್ದೇ. 1955ರಲ್ಲಿ ಕೆನಡಾದ ಯುವ ಎಂಜಿನಿಯರ್ ಲೂಯಿಸ್ ಅರ‍್ರಿ ಅವರನ್ನ ಅಮೆರಿಕದ ಓಹಾಯೋ ರಾಜ್ಯದ ಪಾರ್ಮಾ ಪ್ರಯೋಗಾಲಯಕ್ಕೆ ಕಂಪನಿ ಕಳಿಸ್ತು. ಕೆಲಸ ಇಷ್ಟೇ: ಸತು-ಇಂಗಾಲದ ಸೆಲ್ ಇನ್ನಷ್ಟು ದಿನ ಬಾಳೋ ಹಾಗೆ ಮಾಡಬೇಕು. ಹಳೇದನ್ನ ತೇಪೆ ಹಾಕೋ ಬದಲು ಹೊಸದನ್ನೇ ಮಾಡೋದು ವಾಸಿ ಅಂತ ಅವರಿಗೆ ಅನ್ನಿಸ್ತು. ಸತುವಿನ ಡಬ್ಬಿಯ ಬದಲು ಸತುವಿನ ಪುಡಿ ಬಳಸಿದರು, ನವಸಾಗರದ ಬದಲು ಕ್ಷಾರ. ಕ್ಷಾರ ಅಂದ್ರೆ ಆಲ್ಕಲಿ, ಅದಕ್ಕೇ ಅಲ್ಕಲೈನ್. ಕಲ್ಲುಸಕ್ಕರೆಗಿಂತ ಪುಡಿಸಕ್ಕರೆ ಬೇಗ ಕರಗುತ್ತಲ್ಲ, ಅದೇ ತತ್ವ. ಪುಡಿ ಮಾಡಿದ್ರೆ ತಗಲೋ ಮೈ ಜಾಸ್ತಿ, ಕರೆಂಟೂ ಜಾಸ್ತಿ.

ಮೇಲಧಿಕಾರಿಗೆ ತೋರಿಸೋಕೆ ಅರ‍್ರಿ ಎರಡು ಆಟಿಕೆ ಕಾರು ತಂದು, ಒಂದಕ್ಕೆ ಹಳೆ ಸೆಲ್ಲು ಇನ್ನೊಂದಕ್ಕೆ ತಮ್ಮದು ಹಾಕಿ ಕಂಪನಿಯ ಕ್ಯಾಂಟೀನಲ್ಲಿ ಓಡಿಸಿದರು. ಹಳೇ ಸೆಲ್ಲಿನ ಕಾರು ಸ್ವಲ್ಪ ದೂರ ಹೋಗಿ ನಿಂತೇಬಿಡ್ತು. ಇನ್ನೊಂದು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಓಡ್ತಾನೇ ಇತ್ತು. 1959ರಲ್ಲಿ ಆ ಸೆಲ್ ಮಾರುಕಟ್ಟೆಗೆ ಬಂತು.

ಅರ‍್ರಿ ಆಯ್ಕೆ ಮಾಡಿದ್ದು ಗಡಿಯಾರವನ್ನಲ್ಲ, ಕಾರನ್ನ. ಮೋಟಾರು ಒಂದೇ ಸಲ ಜಾಸ್ತಿ ಕರೆಂಟ್ ಎಳೆಯುತ್ತೆ, ಅಲ್ಲಿ ಎರಡರ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಗೋಡೆ ಗಡಿಯಾರದಲ್ಲಿ ಪಂದ್ಯ ಇಟ್ಟಿದ್ರೆ ಮೇಲಧಿಕಾರಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಮುಂದೆ ನಾನು ಹೇಳೋ ಲೆಕ್ಕ ಪೂರ್ತಿ ಇದರ ಮೇಲೇ ನಿಂತಿದೆ.

ಅಷ್ಟೆಲ್ಲ ಆದ್ರೂ ಭಾರತದಲ್ಲಿ ಗೆದ್ದಿದ್ದು ಕಡಿಮೆ ರೇಟಿನ ಸತು-ಇಂಗಾಲದ ಸೆಲ್ಲೇ. 1972ರಲ್ಲಿ ಜಪಾನಿನ ಮ್ಯಾಟ್ಸುಶಿಟಾ ಸಹಯೋಗದಲ್ಲಿ ಇಲ್ಲಿ ಎರಡು ಕಂಪನಿ ಹುಟ್ಟಿದವು. ಚೆನ್ನೈನ ಇಂಡೋ ನ್ಯಾಷನಲ್, ಅಂದ್ರೆ ನಿಪ್ಪೋ. ವಡೋದರದ ಲಖನ್‌ಪಾಲ್ ನ್ಯಾಷನಲ್, ಅಂದ್ರೆ ನೊವಿನೋ, ಈಗಿನ ಪ್ಯಾನಸೋನಿಕ್ ಎನರ್ಜಿ ಇಂಡಿಯಾ. ಎವರೆಡಿ, ನಿಪ್ಪೋ, ಪ್ಯಾನಸೋನಿಕ್: ಅಂಗಡಿಯವನು ಗಾಜಿನ ಡಬ್ಬದಿಂದ ತೆಗೆದು ಕೊಡೋ ಸೆಲ್ ಬಹುತೇಕ ಈ ಮೂವರಲ್ಲಿ ಒಬ್ಬರದ್ದು.

ಮೂವರೂ ಒಂದೇ ಮಾತು

ಅರ್ಥಶಾಸ್ತ್ರದ ಪಾಠದಲ್ಲಿ 'ಒಲಿಗೋಪೊಲಿ' ಅಂತ ಒಂದು ಅಧ್ಯಾಯ ಬರುತ್ತೆ. ಮಾರುವವರು ಕೈಬೆರಳೆಣಿಕೆಯಷ್ಟೇ ಇರೋ ಮಾರುಕಟ್ಟೆ. ಅಲ್ಲಿ ಕಂಪನಿಗಳಿಗೆ ಎರಡು ದಾರಿ: ಕಿತ್ತಾಡಿ ರೇಟ್ ಇಳಿಸೋದು, ಅಥವಾ ಒಳಗೊಳಗೇ ಮಾತಾಡಿಕೊಂಡು ರೇಟ್ ಏರಿಸೋದು. ಎರಡನೇದಕ್ಕೆ ಕಾರ್ಟೆಲ್ ಅಂತಾರೆ. ಪರೀಕ್ಷೆಗೆ ನಾವು ಉದಾಹರಣೆ ಬರೀತಿದ್ದದ್ದು ತೈಲ ದೇಶಗಳದ್ದು. ಟಿವಿ ರಿಮೋಟಿನ ಬೆನ್ನಲ್ಲೇ ಒಂದು ಉದಾಹರಣೆ ಕೂತಿತ್ತು.

2016ರ ಜೂನ್‌ನಲ್ಲಿ ಪ್ಯಾನಸೋನಿಕ್ ತಾನಾಗೇ ಭಾರತೀಯ ಸ್ಪರ್ಧಾ ಆಯೋಗದ ಬಾಗಿಲಿಗೆ ಹೋಯ್ತು. ಸಿಸಿಐ ಅಂತಾರಲ್ಲ, ಅದು. "ನಾವು ಮೂವರು ಸೇರಿ ರೇಟ್ ನಿಗದಿ ಮಾಡ್ತಿದ್ದೀವಿ" ಅನ್ನೋ ಅರ್ಥದ ಮಾಹಿತಿ ಕೊಡ್ತು. ಯಾಕೆ ಹೋಯ್ತು? ನಮ್ಮ ಕಾನೂನಿನಲ್ಲಿ ಕಾರ್ಟೆಲ್ ಒಡೆಯೋಕೆ ಒಂದು ಜಾಣ ಉಪಾಯ ಇದೆ. ಗುಂಪಲ್ಲಿ ಮೊದಲು ಬಂದು ಬಾಯಿಬಿಟ್ಟವನಿಗೆ ದಂಡದಲ್ಲಿ ಶೇ 100ರವರೆಗೂ ರಿಯಾಯ್ತಿ. ಎರಡನೆಯವನಿಗೆ ಶೇ 50ರವರೆಗೆ, ಮೂರನೆಯವನಿಗೆ ಶೇ 30ರವರೆಗೆ. ಹಾಗಾಗಿ ಕಾರ್ಟೆಲ್ಲಿನ ಒಳಗೆ ಇರೋ ಪ್ರತಿಯೊಬ್ಬನಿಗೂ ಒಂದೇ ಭಯ, ಪಕ್ಕದವನು ನನಗಿಂತ ಮೊದಲು ಹೋಗಿಬಿಟ್ರೆ?

2016ರ ಆಗಸ್ಟ್ 23ರಂದು ಕಂಪನಿಗಳ ಮೇಲೆ ಶೋಧ ನಡೀತು. ಅದಾದ ಕೆಲವೇ ದಿನಗಳಲ್ಲಿ ಎವರೆಡಿ, ಅದರ ಹಿಂದೆ ನಿಪ್ಪೋ ರಿಯಾಯ್ತಿ ಕೇಳಿ ಅರ್ಜಿ ಹಾಕಿದವು.

2018ರ ಏಪ್ರಿಲ್ 19ಕ್ಕೆ ಆದೇಶ ಬಂತು. ಈ ಮೂರು ಕಂಪನಿಗಳು ತಮ್ಮ ಸಂಘದ ನೆರವಿನಿಂದ ರೇಟ್ ಹೊಂದಿಸಿಕೊಂಡಿವೆ, ಸರಬರಾಜು ನಿಯಂತ್ರಿಸಿವೆ, ಮಾರುಕಟ್ಟೆ ಹಂಚಿಕೊಂಡಿವೆ ಅಂತ ಆಯೋಗ ಹೇಳ್ತು. ಯಾವಾಗಿಂದ? ಈ ಕಾನೂನಿನ ಸಂಬಂಧಪಟ್ಟ ಭಾಗ ಜಾರಿಗೆ ಬಂದಿದ್ದು 2009ರ ಮೇ 20ರಂದು. ಅದಕ್ಕೂ ಮೊದಲೇ ಶುರುವಾಗಿ ಶೋಧದ ದಿನದವರೆಗೂ ಇದು ನಡೆದಿತ್ತು. ಅಂದ್ರೆ ಕಾನೂನಿನ ಲೆಕ್ಕಕ್ಕೆ ಸಿಕ್ಕಿದ್ದೇ ಏಳು ವರ್ಷಕ್ಕೂ ಹೆಚ್ಚು.

ದಂಡ ಎಷ್ಟು? ಎವರೆಡಿಗೆ ಶೇ 30 ರಿಯಾಯ್ತಿ ಕಳೆದು 171.55 ಕೋಟಿ ರೂಪಾಯಿ. ಇಂಡೋ ನ್ಯಾಷನಲ್‌ಗೆ ಶೇ 20 ಕಳೆದು 42.26 ಕೋಟಿ. ಪ್ಯಾನಸೋನಿಕ್‌ಗೆ ಸೊನ್ನೆ. ಪೂರ್ತಿ ಶೇ 100 ರಿಯಾಯ್ತಿ, ದೇಶದಲ್ಲಿ ಅದೇ ಮೊದಲು. ಈ ಆದೇಶದ ವಿರುದ್ಧ ಎವರೆಡಿ ಮೇಲ್ಮನವಿಗೆ ಹೋಯ್ತು. ಪ್ಯಾನಸೋನಿಕ್ ಬೇರೆ ಬ್ರ್ಯಾಂಡುಗಳಿಗೂ ಸೆಲ್ ಮಾಡಿಕೊಡ್ತಿತ್ತು. ಆ ಒಪ್ಪಂದಗಳ ಮೇಲೂ ಗೋದ್ರೇಜ್ ಮತ್ತು ಗೀಪ್ ಕಂಪನಿಗಳಿಗೆ ಸಂಬಂಧಿಸಿದ ಎರಡು ಆದೇಶ ಆಮೇಲೆ ಬಂದವು.

ಕಾಮರ್ಸ್ ಓದಿದವನಾಗಿ ನನಗೆ ಇಲ್ಲಿ ಕಣ್ಣಿಗೆ ಬಿದ್ದಿದ್ದು ಎರಡು ವಿಷಯ.

ಒಂದು, ಇದು ಯಾಕೆ ಅಷ್ಟು ವರ್ಷ ಯಾರ ಗಮನಕ್ಕೂ ಬರಲಿಲ್ಲ? ಯಾಕಂದ್ರೆ ಸೆಲ್ ಚಿಲ್ಲರೆ ಕಾಸಿನ ವಸ್ತು. ಒಂದು ಸೆಲ್ಲಿಗೆ ಐವತ್ತು ಪೈಸೆ, ಒಂದು ರೂಪಾಯಿ ಜಾಸ್ತಿ ಆದ್ರೆ ನೀವು ಜಗಳ ಆಡ್ತೀರಾ? ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಅಂದ್ರೆ ಚಾಕೊಲೇಟ್ ತಗೊಂಡು ಬರ್ತೀವಿ. ಆದ್ರೆ ಕೋಟಿಗಟ್ಟಲೆ ಸೆಲ್ ಮಾರೋ ದೇಶದಲ್ಲಿ ಆ ಒಂದೊಂದು ರೂಪಾಯಿ ಕೂಡಿದ್ರೆ ಅದೇ ಕೋಟಿ. ಅದನ್ನ ಜಾಸ್ತಿ ಕೊಟ್ಟವರು ಯಾರು? ಇನ್‌ವರ್ಟರ್ ಇರೋ ಮನೆಯವರಲ್ಲ. ಕರೆಂಟ್ ನೆಚ್ಚಿಕೊಳ್ಳೋಕಾಗದ ಮನೆಯವರು, ರಾತ್ರಿ ಹೊಲಕ್ಕೆ ಹೋಗೋರು. ಕತ್ತಲು ಜಾಸ್ತಿ ಇದ್ದ ಕಡೆ ಈ ಸುಂಕವೂ ಜಾಸ್ತಿ ಬಿತ್ತು.

ಎರಡು, ಈ ರೀತಿ ವಸೂಲಾಗೋ ದಂಡ ಹೋಗೋದು ಭಾರತದ ಸಂಚಿತ ನಿಧಿಗೆ. ಸೆಲ್ ಕೊಂಡವರಿಗೆ ಒಂದು ಪೈಸೆ ವಾಪಸ್ ಬರಲ್ಲ. ಪರಿಹಾರ ಕೇಳೋಕೆ ಕಾನೂನಲ್ಲಿ ದಾರಿ ಏನೋ ಇದೆ. ಆದ್ರೆ 2011ರಲ್ಲಿ ಕೊಂಡ ಎರಡು ಸೆಲ್ಲಿನ ಬಿಲ್ ಯಾರ ಮನೆಯಲ್ಲಿದೆ ಹೇಳಿ?

"ಎವರೆಡಿ ತಗೊಳ್ಳಲಾ, ನಿಪ್ಪೋ ತಗೊಳ್ಳಲಾ" ಅಂತ ಅಂಗಡಿ ಮುಂದೆ ನಿಂತು ಯೋಚಿಸಿದವರಿಗೆ ಆ ಏಳು ವರ್ಷ ರೇಟಿನ ವಿಷಯದಲ್ಲಿ ನಿಜವಾದ ಆಯ್ಕೆ ಇರಲಿಲ್ಲ. ಕವಚದ ಬಣ್ಣ ಬೇರೆ ಇತ್ತು, ಅಷ್ಟೇ.

ಹಾಗಾದ್ರೆ ಈಗ ಏನು ತಗೊಳ್ಳೋದು?

ಬ್ರ್ಯಾಂಡ್ ಬ್ರ್ಯಾಂಡ್ ನಡುವೆ ಹೋಲಿಸೋದಕ್ಕಿಂತ ಜಾತಿ ಜಾತಿ ನಡುವೆ ಹೋಲಿಸಿ. ಸೆಲ್ಲಿನ ಜಾತಿ ಅಂತ ಹೇಳ್ತಿದ್ದೀನಿ, ಬೇರೇನೂ ಅಲ್ಲ.

ಮೊದಲು ಮೈಮೇಲಿನ ಕೋಡ್ ಓದಿ. ಪೆನ್ಸಿಲ್ ಸೆಲ್, ಅಂದ್ರೆ ಡಬಲ್ ಎ. ಅದರ ಮೇಲೆ 'ಆರ್6' ಅಂತಿದ್ರೆ ಸತು-ಇಂಗಾಲ. 'ಎಲ್‌ಆರ್6' ಅಂತಿದ್ರೆ ಅಲ್ಕಲೈನ್. 'ಎಚ್‌ಆರ್6' ಅಂತಿದ್ರೆ ಚಾರ್ಜ್ ಮಾಡೋ ನಿಕಲ್ ಮೆಟಲ್ ಹೈಡ್ರೈಡ್. ರಿಮೋಟಿನ ಸಣ್ಣ ಸೆಲ್ಲಿಗೆ 6ರ ಜಾಗದಲ್ಲಿ 03 ಇರುತ್ತೆ. 'ಹೆವಿ ಡ್ಯೂಟಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ರೆ ಅದು ಅಲ್ಕಲೈನ್ ಅಂತ ಅಂದ್ಕೋಬೇಡಿ. ಅದು ಸತು-ಇಂಗಾಲದ್ದೇ ಸ್ವಲ್ಪ ಸುಧಾರಿಸಿದ ರೂಪ. ಎಲ್ ಅಕ್ಷರ ಇದೆಯಾ ನೋಡಿ, ಸಾಕು.

ಎರಡನೇದು ಲೆಕ್ಕ. ಅಲ್ಕಲೈನ್ ಸೆಲ್ಲಿನ ರೇಟು ಸಾದಾ ಸೆಲ್ಲಿನ ಮೂರು ಪಟ್ಟು ಅಂದುಕೊಳ್ಳಿ. ಹಾಗಿದ್ರೆ ಅದು ಮೂರು ಪಟ್ಟಿಗಿಂತ ಜಾಸ್ತಿ ಬಾಳಿದ್ರೆ ಮಾತ್ರ ಲಾಭ. ಆಟಿಕೆ ಕಾರು, ಕ್ಯಾಮೆರಾ ಫ್ಲ್ಯಾಶ್, ಗೇಮ್ ಕಂಟ್ರೋಲರ್‌ನಂಥ ಕಡೆ ಸಾಮಾನ್ಯವಾಗಿ ಅದನ್ನೂ ಮೀರಿ ಬಾಳುತ್ತೆ, ಕ್ಯಾಂಟೀನಿನ ಕಾರಿನ ಹಾಗೆ. ಗೋಡೆ ಗಡಿಯಾರ, ರಿಮೋಟ್ ಎಳೆಯೋದು ಚೂರೇ ಚೂರು ಕರೆಂಟು. ಅಲ್ಲಿ ಆ ಅಂತರ ಕಡಿಮೆ, ಸಾದಾ ಸೆಲ್ಲೇ ಸಾಕು. ಖಾಲಿಯಾದ ಕೂಡಲೇ ತೆಗೆದುಬಿಡಿ, ಸೋರೋ ಕಥೆ ಗೊತ್ತಲ್ಲ.

ಚಾರ್ಜ್ ಮಾಡೋದು? ಲೆಕ್ಕಕ್ಕೆ ಅಂತ, ಚಾರ್ಜರ್ ಮತ್ತು ಎರಡು ಸೆಲ್ ಸೇರಿ 1000 ರೂಪಾಯಿ, ಒಂದು ಜೊತೆ ಅಲ್ಕಲೈನ್ 60 ರೂಪಾಯಿ ಅಂತಿಟ್ಕೊಳ್ಳಿ. ತಿಂಗಳಿಗೆ ಒಂದು ಜೊತೆ ತಿನ್ನೋ ಕಂಟ್ರೋಲರ್ ಆದ್ರೆ ವರ್ಷಕ್ಕೆ 720. ಒಂದೂವರೆ ವರ್ಷದೊಳಗೆ ಹಾಕಿದ ದುಡ್ಡು ವಾಪಸ್, ಆಮೇಲೆಲ್ಲ ಉಳಿತಾಯ. ವರ್ಷಕ್ಕೆ ಒಂದು ಜೊತೆ ಬೇಡೋ ರಿಮೋಟಾದ್ರೆ? ದುಡ್ಡು ವಾಪಸ್ ಬರೋಕೆ 16 ವರ್ಷ ದಾಟುತ್ತೆ. ಅಷ್ಟರಲ್ಲಿ ಟಿವಿಯೇ ಗುಜರಿ ಸೇರಿರುತ್ತೆ. ಇನ್ನೊಂದು, ಹಳೆ ಮಾದರಿಯ ರೀಚಾರ್ಜ್ ಸೆಲ್ಲುಗಳು ಡ್ರಾಯರಲ್ಲಿ ಇಟ್ಟಲ್ಲೇ ಖಾಲಿಯಾಗ್ತಿದ್ವು. 2005ರಲ್ಲಿ ಜಪಾನಿನ ಸ್ಯಾನಿಯೋ ಎನೆಲೂಪ್ ಅನ್ನೋ ಸೆಲ್ ತಂದ ಮೇಲೆ 'ಲೋ ಸೆಲ್ಫ್ ಡಿಸ್ಚಾರ್ಜ್' ಮಾದರಿ ಬಂತು. ಕೊಳ್ಳೋದಾದ್ರೆ ಅಂಥದ್ದನ್ನೇ ಕೊಳ್ಳಿ.

ಚಿಕ್ಕ ಚಿಕ್ಕ ವಿಷಯ: ತಯಾರಾದ ತಿಂಗಳು ನೋಡಿ ತಗೊಳ್ಳಿ. ಹಳೇದು ಹೊಸದು ಬೆರೆಸಿ ಹಾಕಬೇಡಿ, ವೀಕ್ ಆಗಿರೋ ಸೆಲ್ ಹೊಸದನ್ನೂ ಎಳೆದು ಹಾಕುತ್ತೆ, ಸೋರೋದೂ ಬೇಗ. ಖಾಲಿ ಸೆಲ್ಲನ್ನ ಹಸಿಕಸದ ಜೊತೆ ಹಾಕಬೇಡಿ. 2001ರ ನಿಯಮ ಬರೀ ಸೀಸದ ಬ್ಯಾಟರಿಗೆ ಅನ್ವಯಿಸ್ತಿತ್ತು. 2022ರ ಬ್ಯಾಟರಿ ತ್ಯಾಜ್ಯ ನಿಯಮ ಬಂದ ಮೇಲೆ ಈ ಪುಟ್ಟ ಸೆಲ್ಲುಗಳನ್ನ ವಾಪಸ್ ಸಂಗ್ರಹಿಸೋ ಜವಾಬ್ದಾರಿ ತಯಾರಕರ ಮೇಲಿದೆ.

ಇಷ್ಟೆಲ್ಲ ಲೆಕ್ಕ ಮಾಡಿದ್ರೆ ನಿಮ್ಮ ಮನೆಯಲ್ಲಿ ವರ್ಷಕ್ಕೆ ಉಳಿಯೋದು ಕೆಲವು ನೂರು ರೂಪಾಯಿ ಇರಬಹುದು. ಒಳ್ಳೇದೇ. ಆದ್ರೆ ಜಾಣ ಗ್ರಾಹಕ ಒಬ್ಬನೇ ಎಷ್ಟು ಲೆಕ್ಕ ಹಾಕಿದ್ರೂ ಮೂರು ಕಂಪನಿ ಒಂದು ಕೋಣೆಯಲ್ಲಿ ಕೂತು ತೀರ್ಮಾನಿಸಿದ ರೇಟನ್ನ ಅವನು ಅಂಗಡಿ ಮುಂದೆ ನಿಂತು ಕಂಡುಹಿಡಿಯೋಕಾಗಲ್ಲ. ಅದಕ್ಕೆ ಕಾನೂನು ಬೇಕು, ಶೋಧ ಮಾಡೋ ಆಯೋಗ ಬೇಕು, ಆ ಆದೇಶ ಓದಿ ನಾಲ್ಕು ಜನಕ್ಕೆ ಹೇಳೋರು ಬೇಕು. ಸಿಸಿಐ ಆದೇಶಗಳು ಅದರ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತವೆ. ಮುಂದಿನ ಸಲ ಬೇರೆ ಬೇರೆ ಕಂಪನಿಯ ಒಂದೇ ವಸ್ತುವಿನ ರೇಟು ಒಂದೇ ವಾರದಲ್ಲಿ, ಒಂದೇ ಅಳತೆಯಲ್ಲಿ ಏರಿದ್ದು ಕಂಡ್ರೆ ಅದನ್ನ ಬರೆದಿಟ್ಕೊಳ್ಳಿ. ಬಿಲ್ಲನ್ನೂ ಇಟ್ಕೊಳ್ಳಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಯಾವ ವಸ್ತುವಿನ ರೇಟಿನ ಹಿಂದಿನ ಕಥೆ ಕೇಳಬೇಕು ಅಂತ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.